ಐದು ಚದರ ಅಡಿ

ಪ್ರೀತಿಯ ಗೆಳೆಯ,

ಮನೆಯ ಫೋಟೊಗಳನ್ನು ನೋಡಿ ನೀನು ಬರೆದದ್ದು ಒಂದೇ ಸಾಲು: “ಸಾಮಾನೆಲ್ಲ ಎಲ್ಲಿ ಬಚ್ಚಿಟ್ಟೆ?” ಅದನ್ನೇ ಇನ್ನೂ ಹತ್ತಾರು ಜನ ಕೇಳಿದರು. ಎಲ್ಲರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ನಿನಗೆ ಬರೆಯುವ ಈ ಪತ್ರವನ್ನೇ ಅವರೂ ಓದಲಿ ಎಂದು ಎಲ್ಲರೆದುರು ಇಡುತ್ತಿದ್ದೇನೆ. ಹನ್ನೊಂದನೇ ನಂಬರಿನ ಟ್ರಂಕಿನ ವಿಷಯ ಇಲ್ಲಿ ಬರುವುದಿಲ್ಲ, ನಿಶ್ಚಿಂತೆಯಿಂದ ಓದು. ನಿಂಬೆಹಣ್ಣಿನ ಲೆಕ್ಕವೂ ಬರುವುದಿಲ್ಲ.

ದಾವಣಗೆರೆಯ ನಿಟುವಳ್ಳಿಯ ಈ ಬಾಡಿಗೆ ಮನೆ 20ಕ್ಕೆ 30ರ ನಿವೇಶನದಲ್ಲಿ ಹಿಂದಿನ ಅರ್ಧ. ಪಡಸಾಲೆ ಹತ್ತಕ್ಕೆ ಹನ್ನೆರಡು, ಒಳಕೋಣೆ ಹತ್ತಕ್ಕೆ ಒಂಬತ್ತು, ಒಬ್ಬರು ನಿಂತರೆ ಇನ್ನೊಬ್ಬರು ಬಾಗಿಲಲ್ಲಿ ಕಾಯಬೇಕಾದ ಅಡುಗೆಮನೆ, ಒಂದು ಬಚ್ಚಲು. ಗೋಡೆಗಳನ್ನು ಕಳೆದು ಅಳೆದರೆ 276 ಚದರ ಅಡಿ. ಅದರಲ್ಲಿ ನಾವು ಮೂವರು, ಒಂದು ಹೊಲಿಗೆ ಯಂತ್ರ, ಮಗಳ ಪುಸ್ತಕಗಳು, ನನ್ನ ಕಚೇರಿ ಕಡತಗಳು, ಅವ್ವನ ಹಿತ್ತಾಳೆ ಕೊಡ.

ಇಷ್ಟರಲ್ಲಿ ಬಾಳುವ ವಿದ್ಯೆಯನ್ನು ನಾನು ಯಾವ ಪತ್ರಿಕೆಯ ಚಿತ್ರ ನೋಡಿಯೂ ಕಲಿಯಲಿಲ್ಲ. ನಮ್ಮ ವಠಾರ ನಿನಗೆ ನೆನಪಿದೆಯಲ್ಲ? ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದ ಕೊನೆಯ ವರ್ಷಗಳು ಅವು. ಹತ್ತಿ ಗಿರಣಿಯ ಕೂಗಿಗೆ ಇಡೀ ಓಣಿ ಎದ್ದು ಕೂರುತ್ತಿತ್ತು. ಹತ್ತಕ್ಕೆ ಹತ್ತರ ಒಂದೇ ಕೋಣೆಯಲ್ಲಿ ನಾವು ಏಳು ಜನ. ಅಪ್ಪನದು ರಾತ್ರಿ ಪಾಳಿ ಇದ್ದಾಗ ಚಿಕ್ಕಪ್ಪನದು ಹಗಲು ಪಾಳಿ. ಇಬ್ಬರಿಗೂ ಸೇರಿ ಒಂದೇ ಹಾಸಿಗೆ. ಒಬ್ಬರು ಎದ್ದ ಬೆಚ್ಚಗಿನ ಜಾಗದಲ್ಲಿ ಇನ್ನೊಬ್ಬರು ಮಲಗುತ್ತಿದ್ದರು. ಗೋಡೆಗೆ ಗೂಟ, ಗೂಟಕ್ಕೆ ಚೀಲ. ಮೇಲೆ ನಾಗಂದಿಗೆಯಲ್ಲಿ ಡಬ್ಬಿಗಳು, ತೊಲೆಯಿಂದ ಇಳಿಬಿಟ್ಟ ನೆಲುವಿನಲ್ಲಿ ಹಾಲು ಮೊಸರು. ದೀಪ ಇಡುವ ಗೂಡಿನಲ್ಲೇ ಅಪ್ಪನ ಬೀಡಿ, ನನ್ನ ಬಳಪ, ಅಕ್ಕನ ಹೇರ್‌ಪಿನ್. ನೆಲ ಚಿಕ್ಕದಾದರೆ ಗೋಡೆಯನ್ನು ಬಳಸು ಎಂಬುದು ಅವ್ವನಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು.

ಅದನ್ನೇ ಇಲ್ಲಿ ಮಾಡಿದ್ದೇನೆ. ಬಾಗಿಲಿನ ಎತ್ತರಕ್ಕಿಂತ ಮೇಲೆ, ಪಡಸಾಲೆಯ ಮೂರು ಗೋಡೆಗಳ ಉದ್ದಕ್ಕೂ ಒಂದಡಿ ಅಗಲದ ಹಲಗೆ ಹೊಡೆಸಿದೆ. ಎಂಟಕ್ಕೆ ನಾಲ್ಕಡಿಯ ಒಂದೇ ಪ್ಲೈವುಡ್ ಹಾಳೆಯನ್ನು ಉದ್ದಕ್ಕೆ ನಾಲ್ಕು ಪಟ್ಟಿ ಕೊಯ್ದರೆ 32 ಅಡಿ ಹಲಗೆ ಸಿಗುತ್ತದೆ, ಗರಗಸ ತಿಂದದ್ದು ಲೆಕ್ಕಕ್ಕಿಲ್ಲ. ವರ್ಷಕ್ಕೊಮ್ಮೆ ಬೇಕಾಗುವ ಸಾಮಾನೆಲ್ಲ ಅಲ್ಲಿಗೆ ಹೋಯಿತು. ಕಣ್ಣಿನ ಮಟ್ಟದಲ್ಲಿ ಗೋಡೆ ಖಾಲಿ ಬಿಟ್ಟೆ. ಕಣ್ಣಿಗೆ ಅಡ್ಡ ಬರದಿದ್ದರೆ ಕೋಣೆ ದೊಡ್ಡದಾಗಿ ತೋರುತ್ತದೆ, ನೀನೇ ಮಾಡಿ ನೋಡು. ಮಂಚದ ಕಾಲುಗಳನ್ನು ಇಟ್ಟಿಗೆಯ ಮೇಲೆ ಏರಿಸಿದೆ, ಕೆಳಗೆ ಎರಡು ಟ್ರಂಕು ಹಿಡಿದವು. ಮೂಲೆಯಲ್ಲಿ ಬೃಹದಾಕಾರವಾಗಿ ನಿಂತಿದ್ದ ಬೀರುವನ್ನು ಅಕ್ಕನ ಮನೆಗೆ ಸಾಗಿಸಿದೆ. ಗೋಡೆಗೂ ಮಾಳಿಗೆಗೂ ಒಂದೇ ಬಿಳಿ ಸುಣ್ಣ, ಅದಕ್ಕೆ ಚಿಟಿಕೆ ನೀಲಿ. ಗೋಡೆ ಎಲ್ಲಿ ಮುಗಿದು ಮಾಳಿಗೆ ಎಲ್ಲಿ ಶುರುವಾಯಿತೆಂದು ಗೊತ್ತಾಗದಿದ್ದರೆ ತಲೆಯ ಮೇಲಿನ ಭಾರ ಇಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಯೋಚಿಸಿದ್ದು ಬೆಳಕಿನ ಬಗ್ಗೆ. ನಮ್ಮ ಮನೆಗೆ ಒಳ್ಳೆಯ ಕಿಟಕಿ ಎಂದರೆ ಒಂದೇ, ಒಳಕೋಣೆಯ ಉತ್ತರದ ಕಿಟಕಿ. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ದಿನಗಳಲ್ಲಿ ದಕ್ಷಿಣಕ್ಕೆ. ಚಳಿಗಾಲವಿಡೀ ಆ ಕಿಟಕಿಯಲ್ಲಿ ನೇರ ಬಿಸಿಲಿಲ್ಲದ, ಮಜ್ಜಿಗೆಯಂತಹ ತಿಳಿಬೆಳಕು. ಅದು ಪಡಸಾಲೆಗೂ ಬರಬೇಕು ಎಂದು ನನಗೆ ಆಸೆ. ಆದರೆ ನಡುವೆ ಬಾಗಿಲು.

ಬಾಗಿಲನ್ನು ಅಳೆದೆ. ಎರಡೂವರೆ ಅಡಿ ಅಗಲ. ಅದು ತೆರೆದುಕೊಳ್ಳುವಾಗ ನೆಲದ ಮೇಲೆ ಕಾಲು ವೃತ್ತ ಎಳೆಯುತ್ತದೆ. ಆ ಕಾಲು ವೃತ್ತದೊಳಗೆ ಏನನ್ನೂ ಇಡುವಂತಿಲ್ಲ. ಲೆಕ್ಕ ಹಾಕಿದರೆ ಸುಮಾರು ಐದು ಚದರ ಅಡಿ! 276ರಲ್ಲಿ ಐದು. ಕೀಲು ಬಿಚ್ಚಿಸಿ ಬಾಗಿಲು ತೆಗೆದೆ. ಆ ಜಾಗದಲ್ಲಿ ಚಪ್ಪಲಿ ಗೂಡು ಬಂತು. ಚೌಕಟ್ಟಿಗೆ ಅವ್ವನ ತೆಳು ಹತ್ತಿ ಸೀರೆಯನ್ನು ಪರದೆಯಾಗಿ ಕಟ್ಟಿದೆವು. ಹಗಲಲ್ಲಿ ಅದನ್ನು ಪಕ್ಕಕ್ಕೆ ಸರಿಸಿಟ್ಟರೆ ಕಿಟಕಿಯ ಬೆಳಕು ನೇರವಾಗಿ ಪಡಸಾಲೆಗೆ. ಎದುರು ಗೋಡೆಗೆ ಕನ್ನಡಿ ಹಾಕಿದೆ. ಕನ್ನಡಿಯೊಳಗೆ ಇನ್ನೊಂದು ಕಿಟಕಿ ಹುಟ್ಟಿತು. ಬಿಚ್ಚಿದ ಬಾಗಿಲನ್ನು ಕೊಯ್ಯದೆ, ಎರಡು ಗಿಡ್ಡ ಕಪಾಟುಗಳ ಮೇಲೆ ಮಲಗಿಸಿ ಆರೂವರೆ ಅಡಿ ಉದ್ದದ ಮೇಜು ಮಾಡಿದೆ. ಊಟ, ಹೊಲಿಗೆ, ಮನೆಗೆಲಸ, ಕಡತ ಎಲ್ಲಕ್ಕೂ ಅದೇ. ನೀನು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ ಫೋಟೊ ಅದೇ. ಎಲ್ಲರೂ ಮೆಚ್ಚಿದ್ದು ಅದನ್ನೇ.

ಬಾಗಿಲು ಬಿಚ್ಚುವ ದಿನ ನನ್ನ ಹೆಂಡತಿ ಒಮ್ಮೆ ಕೇಳಿದಳು, “ಪರದೆ ಸಾಕೇ?” ನಾನು ಐದು ಚದರ ಅಡಿಯ ಲೆಕ್ಕ ಹೇಳಿದೆ. ಅವಳು ಮತ್ತೆ ಕೇಳಲಿಲ್ಲ.

ಇಲ್ಲಿಗೆ ಪತ್ರ ಮುಗಿಸಬೇಕೆಂದು ಕುಳಿತಿದ್ದೆ. ಆದರೆ ಅರ್ಧ ಹೇಳಿ ಮೆಚ್ಚುಗೆ ತೆಗೆದುಕೊಳ್ಳುವುದು ನನ್ನಿಂದಾಗುತ್ತಿಲ್ಲ.

ಹೋದ ತಿಂಗಳು ಒಂದು ರಾತ್ರಿ ಬಚ್ಚಲಲ್ಲಿ ನಲ್ಲಿ ಸುರಿಯುತ್ತಲೇ ಇತ್ತು. ನಮ್ಮ ಬೀದಿಗೆ ದಿನವೂ ನೀರು ಬರುವುದಿಲ್ಲ. ತೊಟ್ಟಿ ತುಂಬಿಸಿಟ್ಟುಕೊಂಡು ಲೆಕ್ಕದಲ್ಲಿ ಬಳಸುವವರು ನಾವು. ಹೊರಗಿನಿಂದಲೇ ಗದರಿದೆ. “ನೀರೇನು ಬಿಟ್ಟಿ ಬರುತ್ತದೆಯೇ?” ನಲ್ಲಿ ನಿಂತಿತು. ಸ್ವಲ್ಪ ಹೊತ್ತಿಗೆ ಮಗಳು ಮುಖ ತೊಳೆದುಕೊಂಡು ಹೊರಬಂದು, ಕಣ್ಣು ಎತ್ತದೆ ಪರದೆಯ ಆಚೆ ಹೋದಳು. ಎರಡು ದಿನ ಬಿಟ್ಟು ಮತ್ತೆ ಹಾಗೆಯೇ. ಮತ್ತೆ ಗದರಿದೆ. ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: “ಸುಮ್ಮನಿರಿ. ಅವಳು ಅಳುತ್ತಿದ್ದಾಳೆ. ನಮಗೆ ಕೇಳಿಸಬಾರದೆಂದು ನಲ್ಲಿ ತಿರುಗಿಸುತ್ತಾಳೆ. ಈ ಮನೆಯಲ್ಲಿ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು ಅದೊಂದೇ ಅಲ್ಲವೇ?”

ಗೆಳೆಯ, ಆ ರಾತ್ರಿ ನಾನು ನನ್ನ ಸುಂದರ ಮೇಜಿನ ಮುಂದೆ ಕುಳಿತು ಕನ್ನಡಿಯನ್ನು ನೋಡಿದೆ. ಅದರಲ್ಲಿ ಒಳಕೋಣೆ ಪೂರ್ತಿ ಕಾಣುತ್ತಿತ್ತು. ಕಿಟಕಿ, ಮಂಚ, ಗೋಡೆಯ ಕಡೆ ತಿರುಗಿ ಮಲಗಿದ್ದ ಮಗಳ ಬೆನ್ನು. ಬೆಳಕು ಬರಲಿ ಎಂದು ಹಾಕಿದ ಕನ್ನಡಿಯಲ್ಲಿ ಅವಳು ಇಷ್ಟು ದಿನವೂ ಕಾಣುತ್ತಲೇ ಇದ್ದಳು. ಅದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ.

ಆಮೇಲೆ ಒಂದೊಂದೇ ಕಾಣತೊಡಗಿತು. ಹೆಂಡತಿ ತನ್ನ ತಾಯಿಗೆ ಫೋನು ಮಾಡುವಾಗಲೆಲ್ಲ ಹೊರಗಿನ ಮೆಟ್ಟಿಲಿಗೆ ಹೋಗಿ ಕೂರುತ್ತಾಳೆ. ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲವೇನೋ ಎಂದುಕೊಂಡಿದ್ದೆ, ಆದರೆ ನನ್ನ ಫೋನಿಗೆ ಒಳಗೇ ಸಿಗುತ್ತದೆ. ನನಗಾದರೋ ಮನಸ್ಸು ಕೆಟ್ಟರೆ ಇಡೀ ಊರಿದೆ. ಜಯದೇವ ವೃತ್ತದ ಕಡೆ ನಡೆದುಬಿಡುತ್ತೇನೆ, ಒಂದು ಚಹಾ ಕುಡಿಯುತ್ತೇನೆ, ಕುಂದವಾಡ ಕೆರೆಯ ಏರಿಯ ಮೇಲೆ ಒಂದು ಸುತ್ತು ಹಾಕುತ್ತೇನೆ. ರಾತ್ರಿ ಹತ್ತಕ್ಕೆ ಮರಳಿದರೂ ಎಲ್ಲಿಗೆ ಹೋಗಿದ್ದೆ ಎಂದು ಕೇಳುವವರಿಲ್ಲ. ಮನೆ ಚಿಕ್ಕದು ಎಂದು ನಾನು ಎಂದೂ ಕೊರಗದಿದ್ದುದಕ್ಕೆ ಕಾರಣ ನನ್ನ ಜಾಣ ಹಲಗೆಗಳಲ್ಲ. ಆ ಚಿಕ್ಕತನ ಅವರಿಬ್ಬರ ಪಾಲಿಗೆ ಬಂದಿತ್ತು.

ಮತ್ತೆ ಅವ್ವ. ನಮ್ಮ ವಠಾರದ ನಲ್ಲಿಗೆ ನೀರು ಬರುತ್ತಿದ್ದುದು ಬೆಳಗಿನ ಜಾವ ನಾಲ್ಕಕ್ಕೆ. ಅವ್ವ ಮೂರಕ್ಕೇ ಕೊಡ ಹಿಡಿದು ಹೋಗುತ್ತಿದ್ದಳು. ಸರದಿಯಲ್ಲಿ ಮೊದಲು ನಿಲ್ಲಬೇಕೆಂಬ ಆತುರ ಎಂದು ನಾವೆಲ್ಲ ನಂಬಿದ್ದೆವು. ಒಂದು ರಾತ್ರಿ ಎಚ್ಚರವಾಗಿ ಅವಳನ್ನು ಹುಡುಕಿಕೊಂಡು ಹೋಗಿದ್ದೆ. ಅಲ್ಲಿ ಇನ್ಯಾರೂ ಇರಲಿಲ್ಲ. ಕೊಡವನ್ನು ಬೋರಲು ಹಾಕಿ ಅದರ ಮೇಲೆ ಕುಳಿತು, ಮೊಣಕಾಲಿಗೆ ಗದ್ದ ಊರಿ, ಏನನ್ನೂ ಮಾಡದೆ ಕತ್ತಲನ್ನು ನೋಡುತ್ತಿದ್ದಳು. ನಾನು “ಅವ್ವಾ” ಎಂದಾಗ ಬೆಚ್ಚಿ ಎದ್ದು, “ನೀರು ಇನ್ನೂ ಬಂದಿಲ್ಲ, ಹೋಗಿ ಮಲಗು” ಎಂದಳು. ಏಳು ಜನರ ಆ ಕೋಣೆಯಲ್ಲಿ ಅಪ್ಪನಿಗೆ ನಿದ್ದೆಯ ಪಾಳಿ ಇತ್ತು, ಚಿಕ್ಕಪ್ಪನಿಗೆ ಇತ್ತು. ಅವ್ವನ ಪಾಳಿ ಆ ಒಂದು ಗಂಟೆ. ಅದಕ್ಕೂ ನಾನು ಹೋಗಿ ಅಡ್ಡ ನಿಂತೆ. ಈಗ ಕೇಳೋಣವೆಂದರೆ ಅವ್ವ ಇಲ್ಲ. ಅವಳ ಸೀರೆ ಆ ಚೌಕಟ್ಟಿನಲ್ಲಿ ತೂಗುತ್ತಿತ್ತು.

ಸಾಕು. ಇಷ್ಟನ್ನು ಬರೆಯುವ ಉದ್ದೇಶ ಇರಲಿಲ್ಲ. ಎಲ್ಲರೆದುರು ಇಡುವ ಮೊದಲು ಮಗಳಿಗೆ ಓದಿ ಹೇಳಿದೆ. “ಹಾಕು. ಆದರೆ ನಾನು ಯಾವ ತರಗತಿ ಎಂದು ಬರೆಯಬೇಡ. ಮಾಮನಿಗೆ ಹೇಳು, ಟ್ರಂಕಿನ ವಿಷಯ ನನಗೆ ಗೊತ್ತು” ಎಂದಳು. ನಾನು ಹೇಳಿದ್ದಲ್ಲ, ದೇವರಾಣೆ. ನಿನ್ನ ಕಡೆಯಿಂದಲೇ ಸೋರಿರಬೇಕು.

ಬಾಗಿಲು ಮತ್ತೆ ತನ್ನ ಜಾಗಕ್ಕೆ ಹೋಯಿತು. ಆಚಾರಿಯವರು ಬಂದು ನೋಡಿ, ಇಷ್ಟು ದಿನ ಮಲಗಿದ್ದ ಮರ ಸ್ವಲ್ಪ ಬಾಗಿದೆ ಎಂದು ಅಂಚನ್ನು ಉಜ್ಜುಗೊರಡಿನಿಂದ ಹೆರೆದು ಕೂರಿಸಿದರು. ಒಳಗಡೆಗೆ ಹೊಸ ಚಿಲಕ. ಚಪ್ಪಲಿ ಗೂಡು ಹೊರಗಿನ ಮೆಟ್ಟಿಲ ಕೆಳಗೆ ಹೋಯಿತು, ಮಳೆ ಬಂದರೆ ಪ್ಲಾಸ್ಟಿಕ್ ಹೊದಿಸಬೇಕು. ಮೇಜು ಇಲ್ಲ, ಊಟಕ್ಕೆ ಮತ್ತೆ ಚಾಪೆ ಬಿಚ್ಚುತ್ತೇವೆ. ಬೆಳಕಿಗೆ ಮಾತ್ರ ಒಂದು ದಾರಿ ಸಿಕ್ಕಿತು. ಬಾಗಿಲ ಚೌಕಟ್ಟಿನ ಮೇಲ್ಭಾಗದಲ್ಲಿ ಒಂದೂವರೆ ಅಡಿ ಎತ್ತರದ ಹಲಗೆ ಬಡಿದಿದ್ದರು. ಮನೆಯ ಯಜಮಾನರನ್ನು ಕೇಳಿ ಅದನ್ನು ತೆಗೆಸಿ, ಆಚೆಯದು ಕಾಣದ ಮಂಜುಗಾಜು ಹಾಕಿಸಿದೆ. ಬೆಳಕು ತಲೆಯ ಮೇಲಿಂದ ಬರುತ್ತದೆ, ನೋಟ ಹೋಗುವುದಿಲ್ಲ. ಚಿಕ್ಕ ಮನೆಯ ಬಗ್ಗೆ ನನ್ನನ್ನು ಸಲಹೆ ಕೇಳಿದವರಿಗೆ ನಾನು ಖಂಡಿತವಾಗಿ ಹೇಳಬಲ್ಲದ್ದು ಈ ಗಾಜಿನ ವಿಷಯ. ಹಲಗೆ, ಕನ್ನಡಿ, ಸುಣ್ಣ ಎಲ್ಲ ಆಮೇಲೆ. ಕನ್ನಡಿಯನ್ನು ಅಡುಗೆಮನೆಯ ಎದುರಿಗೆ ಸರಿಸಿದ್ದೇನೆ.

ಮೆಟ್ಟಿಲಿಗೆ ಬದಲು ಏನು ಮಾಡಬೇಕೆಂದು ಇನ್ನೂ ಹೊಳೆದಿಲ್ಲ. ಸದ್ಯಕ್ಕೆ ಸಂಜೆ ಆರರಿಂದ ಏಳರವರೆಗೆ ಪಡಸಾಲೆ ನನ್ನ ಹೆಂಡತಿಯದು. ಆ ಹೊತ್ತಿನಲ್ಲಿ ನಾನು ಹೊರಗೆ, ಮಗಳು ಒಳಕೋಣೆಯಲ್ಲಿ. ಅಪ್ಪ ಚಿಕ್ಕಪ್ಪಂದಿರ ಪಾಳಿ ಪದ್ಧತಿ ಮತ್ತೆ ಮನೆಗೆ ಬಂದಿದೆ. ಮೊದಲ ದಿನ ಅವಳು ಆ ಒಂದು ಗಂಟೆ ಏನು ಮಾಡಬೇಕೆಂದು ತಿಳಿಯದೆ ಮೆಂತ್ಯ ಸೊಪ್ಪು ಬಿಡಿಸಿದಳಂತೆ. ಎರಡನೇ ದಿನ ಬರಿದೇ ಮಲಗಿದ್ದಳಂತೆ. ಹೇಳುವಾಗ ಮುಖದಲ್ಲಿ ನಗುವಿತ್ತು.

ಮುಂದಿನ ದುಗ್ಗಮ್ಮನ ಜಾತ್ರೆಗೆ ನೀನು ಬರಲೇಬೇಕು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಹೋದ ಸಲ ನೆಪ ಹೇಳಿ ತಪ್ಪಿಸಿದೆ. ಪಡಸಾಲೆಯಲ್ಲಿ ಇಬ್ಬರೂ ಚಾಪೆ ಹಾಸಿಕೊಳ್ಳೋಣ. ಕಾಲು ಚಾಚಿದರೆ ನಿನ್ನದು ಅಡುಗೆಮನೆಯ ಹೊಸ್ತಿಲಿಗೆ ತಾಗುತ್ತದೆ, ಅಳೆದು ನೋಡಿದ್ದೇನೆ. ಮಂಡಕ್ಕಿ, ಮಿರ್ಚಿ ನನ್ನ ಲೆಕ್ಕ. ಬೆಣ್ಣೆದೋಸೆ ನಿನ್ನ ಲೆಕ್ಕ. ಟ್ರಂಕು ತರಬೇಡ.

ಚಿಲಕ ಬಂದ ಮೊದಲ ರಾತ್ರಿ ಅದು ಒಳಗಿನಿಂದ ಟಕ್ಕೆಂದು ಬಿತ್ತು. ನಾವಿಬ್ಬರೂ ಪಡಸಾಲೆಯಲ್ಲಿ ಉಸಿರು ಹಿಡಿದು ಕುಳಿತೆವು. ಅರ್ಧ ಗಂಟೆ ಸದ್ದಿಲ್ಲ. ಆಮೇಲೆ ಮಂಜುಗಾಜಿನ ಆಚೆ ಅವಳು ಒಬ್ಬಳೇ ಜೋರಾಗಿ ನಕ್ಕಳು. ಹೆಂಡತಿ ನನ್ನ ಮುಖ ನೋಡಿದಳು. ಏಕೆ ಎಂದು ನಾನು ಕೇಳಲಿಲ್ಲ.

ನಿನ್ನ,
ಮೂರನೇ ಪಾಳಿಯವನು