ಸಕುರಾ ಪರವಾಗಿ ಅಮ್ಮ ಬರೆದ ಪತ್ರ

ಪುಟ್ಟಾ,

ಹುತ್ತರಿ ಹಬ್ಬಕ್ಕೆ ಬರುವುದಿಲ್ಲ ಅಂತ ಅಪ್ಪನಿಗೆ ಫೋನ್ ಮಾಡಿ ಹೇಳಿದೆಯಂತೆ. ನನಗೆ ಮಾಡಲಿಲ್ಲ. ಅದೇ ದಿನ ಬೆಂಗಳೂರಲ್ಲಿ ಜಪಾನಿ ಕಾರ್ಟೂನ್ ಪಾತ್ರಗಳ ವೇಷ ಹಾಕುವ ಕಾಸ್‌ಪ್ಲೇ ಇದೆ, ಗೆಳತಿಯರೆಲ್ಲ ಹೋಗುತ್ತಿದ್ದಾರೆ, ಇಟಾಚಿ ವೇಷ ನಿನ್ನದು ಅಂತ ಅಪ್ಪ ಅಂದರು. ಇಟಾಚಿ ಯಾರು ಅಂತ ಅವರಿಗೆ ಗೊತ್ತಿಲ್ಲ. ನನಗೆ ಗೊತ್ತು. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ. ಫೋನಲ್ಲಿ ಶುರು ಮಾಡಿದರೆ ಎರಡನೇ ನಿಮಿಷಕ್ಕೆ ನಮ್ಮಿಬ್ಬರ ದನಿ ಏರುತ್ತದೆ.

ಜುಲೈನಲ್ಲಿ ನೀನು ಹೊರಟ ಬೆಳಿಗ್ಗೆ ಎಂಥ ಮಳೆ ಇತ್ತು ಅಂತ ನೆನಪಿದೆಯಲ್ವಾ. ಇವತ್ತು ಬೇಡ, ನಾಳೆ ಹೋಗು, ರಸ್ತೆ ಬದಿಯ ಮಣ್ಣು ಕುಸಿಯುತ್ತಿದೆ ಅಂತ ನಾನು ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಆಗ ನೀನು ಅಂದೆ, "ನೀನು ಥೇಟ್ ಸಕುರಾ ಅಮ್ಮಾ. ಎಲ್ಲರೂ ಏನಾದ್ರೂ ಮಾಡ್ತಾ ಇರುವಾಗ ನಿಂತ್ಕೊಂಡು ಅಳೋದೊಂದೇ." ತಮ್ಮ ನಗೋಕೆ ಹೋಗಿ ನನ್ನ ಮುಖ ನೋಡಿ ಸುಮ್ಮನಾದ. ನನಗೆ ಆ ಹೆಸರು ಅರ್ಥವಾಗಲಿಲ್ಲ. ಬೈಗುಳ ಅಂತ ಮಾತ್ರ ತಿಳಿಯಿತು. ಆಮೇಲೆ ಬಸ್ ಹತ್ತುವಾಗ ನೀನು ಎರಡು ಬೆರಳಲ್ಲಿ ತಮ್ಮನ ಹಣೆಗೆ ಮೆಲ್ಲಗೆ ಕುಟ್ಟಿದೆ. ಅದೂ ಆಗ ನನಗೆ ಅರ್ಥವಾಗಲಿಲ್ಲ.

ಆ ರಾತ್ರಿಯೇ ತಮ್ಮನನ್ನು ಕೇಳಿದೆ, ಯಾರೋ ಅದು ಸಕುರಾ ಅಂತ. ನರುಟೊ ಅನ್ನೋ ಜಪಾನಿ ಕಾರ್ಟೂನಲ್ಲಿ ಬರುವ ಹುಡುಗಿ, ಯೂಸ್‌ಲೆಸ್, ಎಲ್ಲರೂ ಅವಳನ್ನು ಗೇಲಿ ಮಾಡ್ತಾರೆ ಅಂದ. ಸರಿ, ತೋರಿಸು ಅಂದೆ. ಮೊದಲ ಭಾಗ 220 ಎಪಿಸೋಡ್, ಆಮೇಲೆ ಶಿಪ್ಪುಡೆನ್ 500 ಅಂತ ಕೇಳಿ ಎದೆ ಧಸಕ್ಕೆಂದಿತು. ಆದರೂ ನೋಡಿದೆ. ಕರೆಂಟಿದ್ದಾಗ ಅವನು ಡೌನ್‌ಲೋಡ್ ಮಾಡಿಡುತ್ತಿದ್ದ. ಕರೆಂಟು ಹೋದ ಮೇಲೆ ಒಲೆ ಮುಂದೆ ಕೂತು ನೋಡುತ್ತಿದ್ದೆವು. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತದಲ್ಲ, ನಿಲ್ಲಿಸಿ ನಿಲ್ಲಿಸಿ ಓದುತ್ತಿದ್ದೆ. ತಿಳಿಯದ್ದನ್ನು ಅವನು ಹೇಳುತ್ತಿದ್ದ. ಫಿಲ್ಲರ್, ಅಂದರೆ ಕಥೆಗೆ ಬೇಡದ ಎಪಿಸೋಡ್, ಬಿಟ್ಟುಬಿಡು ಅಮ್ಮಾ ಅಂತ ಪಟ್ಟಿ ಬರೆದುಕೊಟ್ಟ. ಮಳೆಗಾಲ ಮುಗಿದು ಅರೇಬಿಕಾ ಹಣ್ಣು ಬಿಡಿಸಲು ಶುರುವಾಗುವ ಹೊತ್ತಿಗೆ ಶಿಪ್ಪುಡೆನ್‌ನಲ್ಲಿ ಇಟಾಚಿ ಸತ್ತು ಅವನ ಕಥೆ ಹೊರಗೆ ಬರುವಲ್ಲಿಗೆ ಬಂದಿದ್ದೇನೆ. ಮುಂದಿನದು ಹೇಳಬೇಡ.

ನೀನೂ ನಿನ್ನ ದೊಡ್ಡಪ್ಪನ ಮಕ್ಕಳೂ ಕಣದಲ್ಲಿ ಎರಡೂ ಕೈ ಹಿಂದಕ್ಕೆ ಚಾಚಿಕೊಂಡು ತಲೆ ಮುಂದೆ ಬಾಗಿಸಿ ಓಡುತ್ತಿದ್ದಿರಲ್ಲ, ಒಣಗಲು ಹಾಕಿದ ಕಾಫಿ ಮೇಲೆ ಜಾರಿ ಬಿದ್ದು ಮಂಡಿ ತರಚಿಕೊಂಡು ಬಂದಾಗ ಎಷ್ಟು ಬೈದಿದ್ದೆ. ಅದು ನರುಟೊ ಓಟ ಅಂತ ಈಗ ಗೊತ್ತಾಯಿತು. ತಲೆಗೆ ಟವಲ್ ಕಟ್ಟಿಕೊಂಡಿದ್ದು ಹಣೆಪಟ್ಟಿ ಅಂತಲೂ ಈಗಲೇ ಗೊತ್ತಾಗಿದ್ದು.

ಈಗ ಸಕುರಾ ವಿಷಯ.

ಅವಳಿಗೆ ಶುರುವಿನಲ್ಲಿ ಬರೀ 12 ವರ್ಷ ಪುಟ್ಟಾ. ಅವಳ ತಂಡದ ಇಬ್ಬರು ಹುಡುಗರಲ್ಲಿ ನರುಟೊ ಹೊಟ್ಟೆಯೊಳಗೆ ಒಂಬತ್ತು ಬಾಲದ ನರಿ ಇದೆ. ಇಟಾಚಿಯ ತಮ್ಮ ಸಾಸುಕೆಗೆ ಅವರ ವಂಶದ ಮಾಯಾಶಕ್ತಿಯ ಕಣ್ಣಿದೆ. ಇವಳಿಗೆ ಏನೂ ಇಲ್ಲ. ಸಾಧಾರಣ ಮನೆಯ ಹುಡುಗಿ. ಇದ್ದದ್ದು ಓದು ಮತ್ತು ಹಿಡಿತ. ಮರ ಹತ್ತುವ ಅಭ್ಯಾಸದಲ್ಲಿ ಮೊದಲ ಸಲಕ್ಕೇ ಮೇಲೆ ಹೋದವಳು ಅವಳು, ಆ ಇಬ್ಬರಲ್ಲ. ಕಾಪಿ ಹೊಡೆಯಲಿ ಅಂತಲೇ ಇಟ್ಟ ಆ ನಿಂಜಾ ಪರೀಕ್ಷೆಯಲ್ಲಿ ಕಾಪಿ ಹೊಡೆಯದೆ ತಾನೇ ಉತ್ತರ ಬರೆದಳು. ಇದನ್ನು ನೀವು ಯಾರೂ ಯಾಕೆ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ? ಅವಳಲ್ಲಿ ತಪ್ಪಿಲ್ಲ ಅಂತ ನಾನು ಹೇಳುವುದಿಲ್ಲ. ಅಪ್ಪ ಅಮ್ಮ ಇಲ್ಲದ ನರುಟೊ ಬಗ್ಗೆ ಅವಳು ಮೊದಲಲ್ಲಿ ಆಡಿದ ಮಾತು ಕೆಟ್ಟ ಮಾತು. ಸಾಸುಕೆ ಅವಳನ್ನು ಗದರಿದ್ದು ಸರಿಯಾಯಿತು. ಆದರೆ ಆಮೇಲೆ ಅವಳು ತಿದ್ದಿಕೊಂಡಳಲ್ಲ. ಪರೀಕ್ಷೆಯ ಮುಂದಿನ ಹಂತದ ಆ ಕಾಡಿನಲ್ಲಿ ಇಬ್ಬರೂ ಹುಡುಗರು ಎಚ್ಚರ ತಪ್ಪಿ ಬಿದ್ದಿರುವಾಗ, ಶತ್ರು ಕೂದಲು ಹಿಡಿದು ಎಳೆದಾಗ, ಆ ಕೂದಲನ್ನೇ ಕತ್ತರಿಸಿಕೊಂಡು ಎದುರು ನಿಂತಳು. ನಾನು ಅಲ್ಲಿ ಫೋನ್ ನಿಲ್ಲಿಸಿ ಹೊರಗೆ ಹೋಗಿ ಬಂದೆ. ಇಷ್ಟು ದಿನ ಇವರಿಬ್ಬರ ಬೆನ್ನನ್ನೇ ನೋಡುತ್ತಾ ಬಂದೆ, ಈಗ ಇವರು ನನ್ನ ಬೆನ್ನು ನೋಡಲಿ ಅಂತ ಅವಳು ಅಂದುಕೊಳ್ಳುತ್ತಾಳೆ. ನಿಮಗೆ ಅವಳ ಅಳು ಮಾತ್ರ ಹೇಗೆ ನೆನಪುಳಿಯಿತು ಅಂತ ನನಗೆ ತಿಳಿಯುತ್ತಿಲ್ಲ.

ಅಳುತ್ತಾಳೆ, ಹೌದು. ಜಾಸ್ತಿಯೇ ಅಳುತ್ತಾಳೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಏನೇನಾಯಿತು ಅಂತ ಇಬ್ಬರಿಗೂ ಗೊತ್ತು. ಮಕ್ಕಂದೂರು, ಹಟ್ಟಿಹೊಳೆ ಕಡೆಯ ಗುಡ್ಡಗಳು, ಪರಿಹಾರ ಕೇಂದ್ರದ ಚಾಪೆ, ನಮ್ಮ ಹಿಂದಿನ ಅರ್ಧ ಎಕರೆ ತೋಟ. ಅದನ್ನೆಲ್ಲ ಬರೆಯುವುದಿಲ್ಲ. ನಾನು ಹೊಸ್ತಿಲ ಮೇಲೆ ನಿಂತ ಆ ಹೊತ್ತಿನ ಬಗ್ಗೆ ಮಾತ್ರ ಬರೆಯಬೇಕು. ಯಾಕೆಂದರೆ ನೀನು ಸಕುರಾ ಅಂದದ್ದು ಜುಲೈನ ಅಳುವಿಗೆ ಮಾತ್ರ ಅಲ್ಲ ಅಂತ ನನಗೆ ಗೊತ್ತು.

ಅಪ್ಪ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಅಂಗಳ ದಾಟಿದ್ದರು. ಬಾ ಬಾ ಅಂತ ಕೂಗುತ್ತಿದ್ದರು. ಗುಡ್ಡದ ಕಡೆಯಿಂದ ಲಾರಿಯಲ್ಲಿ ಜಲ್ಲಿ ಸುರಿದ ಹಾಗೆ ಸದ್ದು. ಕೆಂಪು ನೀರು ಅಡುಗೆಮನೆ ಹಿಂದಿನಿಂದ ಒಳಗೆ ಬಂದಿತ್ತು. ನನ್ನ ಕೈಯಲ್ಲಿ ಟಾರ್ಚ್ ಇತ್ತು, ಇನ್ನೊಂದು ಕೈಯಲ್ಲಿ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರ್. ಕಾಲು ಏಳಲಿಲ್ಲ. ನಿಂತೆ. ಸಣ್ಣ ಮಗುವಿನ ಹಾಗೆ ಅಮ್ಮಾ ಅಮ್ಮಾ ಅಂತ ಅತ್ತೆ. ನಿನಗೆ ಆಗ 11 ವರ್ಷ. ಐದು ವರ್ಷದ ತಮ್ಮನ ಕೈ ಹಿಡಿದು ಅಂಗಳದ ಆಚೆ ಬಿಟ್ಟು, ಆ ಮಳೆಯಲ್ಲಿ ವಾಪಸ್ ಓಡಿ ಬಂದು ನನ್ನ ಸೆರಗು ಹಿಡಿದು ಎಳೆದೆ. ಎಷ್ಟು ಹೊತ್ತು ನಿಂತಿದ್ದೆ ಅಂತ ನನಗೆ ಗೊತ್ತಿಲ್ಲ. ಅಪ್ಪ ಎರಡು ನಿಮಿಷ ಅನ್ನುತ್ತಾರೆ. ನೀನು ಒಮ್ಮೆ ಹತ್ತು ನಿಮಿಷ ಅಂದಿದ್ದೆ. ಹತ್ತು ನಿಮಿಷ ಅಂತೂ ಇರಲಾರದು, ಅಷ್ಟರಲ್ಲಿ ಹಿಂದಿನ ಗೋಡೆ ಬಿದ್ದಿತ್ತು. ಆದರೆ ನಿನಗೆ ಹತ್ತು ಅನ್ನಿಸಿದ್ದರೆ ಅದು ಹತ್ತೇ. ಈಗಲೂ ಜೋರು ಮಳೆ ಬಂದರೆ ನಾನು ಆ ಹೊಸ್ತಿಲ ಮೇಲೆ ಹೋಗಿ ನಿಲ್ಲುತ್ತೇನೆ. ಇಲ್ಲಿಂದ ಅಂಗಳಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸುತ್ತೇನೆ. 14 ಹೆಜ್ಜೆ. ಬರೀ 14 ಹೆಜ್ಜೆ ಪುಟ್ಟಾ.

ಪಿರಿಯಾಪಟ್ಟಣದ ಬಯಲಲ್ಲಿ ಬೆಳೆದವಳು ನಾನು. ಅಲ್ಲಿ ಮಳೆ ಬಂದರೆ ಹೊಗೆಸೊಪ್ಪಿಗೆ ಒಳ್ಳೆಯದಾಯಿತು ಅನ್ನುತ್ತಿದ್ದೆವು. ನೆಲ ಜಾರುತ್ತದೆ ಅಂತ ಕಂಡವಳಲ್ಲ. ಇದನ್ನು ನೆಪ ಅಂತ ಹೇಳುತ್ತಿಲ್ಲ.

ಇಟಾಚಿ ಪರವಾಗಿ ನೀನು ನೆಟ್‌ನಲ್ಲಿ ಬರೆದದ್ದನ್ನು ತಮ್ಮ ತೋರಿಸಿದ. ಎರಡು ಸಲ ಓದಿದೆ. 13ನೇ ವಯಸ್ಸಿನಲ್ಲಿ ಊರಿನ ಹಿರಿಯರು ಅವನ ತಲೆಗೆ ಕಟ್ಟಿದ ಕೆಲಸ, ಒಂದೇ ರಾತ್ರಿ ಅಪ್ಪ ಅಮ್ಮನೂ ಸೇರಿ ಇಡೀ ವಂಶವನ್ನು ಕೊಂದದ್ದು, ತಮ್ಮ ಸಾಸುಕೆಯನ್ನು ಮಾತ್ರ ಉಳಿಸಿ ಅವನ ಕಣ್ಣಲ್ಲಿ ತಾನೇ ರಾಕ್ಷಸನಾಗಿ ಬದುಕಿದ್ದು. ನೀನು ಅದನ್ನು ಬರೆದಿರುವ ರೀತಿಗೆ ನನಗೆ ಹೆಮ್ಮೆಯಾಯಿತು. ನನ್ನ ಮಗಳು ಇಷ್ಟು ಚೆನ್ನಾಗಿ ಒಬ್ಬರ ಪರ ವಾದ ಮಾಡುತ್ತಾಳೆ ಅಂತ ಗೊತ್ತಿರಲಿಲ್ಲ. ಇಟಾಚಿ ಸಾಯುವಾಗ ರಕ್ತ ಮೆತ್ತಿದ ಬೆರಳಲ್ಲಿ ಸಾಸುಕೆಯ ಹಣೆ ಮುಟ್ಟುತ್ತಾನಲ್ಲ, ನನಗೆ ಬಸ್‌ಸ್ಟ್ಯಾಂಡ್ ನೆನಪಾಯಿತು. ಒಲೆ ಮೇಲೆ ಹಾಲು ಉಕ್ಕಿದ್ದು ಗೊತ್ತಾಗಲಿಲ್ಲ. ತಮ್ಮ ನೆಲ ಒರೆಸಿದ.

ಆದರೂ ನಿನ್ನ ಮಾತು ಪೂರ್ತಿ ಒಪ್ಪುವುದಕ್ಕೆ ಆಗುತ್ತಿಲ್ಲ. ಏಳೆಂಟು ವರ್ಷದ ಮಗುವಿಗೆ ಆ ಕೊಲೆಗಳನ್ನು ಕಣ್ಣೊಳಗೆ ಮತ್ತೆ ಮತ್ತೆ ತೋರಿಸಿದನಲ್ಲ, ಅದಕ್ಕೆ ನೀನು ಒಂದು ಸಾಲೂ ಬರೆದಿಲ್ಲ. ಅಷ್ಟೆಲ್ಲ ಮಾಡಿದವನನ್ನು ನೀವೆಲ್ಲ ಕ್ಷಮಿಸಿದಿರಿ, ಯಾಕೆಂದರೆ ಅವನ ಹತ್ತಿರ ಒಂದು ಗುಟ್ಟಿತ್ತು. ಗುಟ್ಟು ಬಯಲಾದ ದಿನ ಎಲ್ಲರೂ ಅತ್ತಿರಿ. ಸಕುರಾ ಹತ್ತಿರ ಗುಟ್ಟಿಲ್ಲ. ಅವಳಿಗೆ ಹೆದರಿಕೆಯಾಯಿತು, ಅತ್ತಳು, ಅಷ್ಟೇ. ಅವಳನ್ನು ಯಾರೂ ಕ್ಷಮಿಸಲಿಲ್ಲ. ತಮ್ಮ ಇನ್ನೊಬ್ಬ ಹುಡುಗನನ್ನು ತೋರಿಸಿದ, ಎವಾಂಗೆಲಿಯನ್‌ನ ಶಿಂಜಿ, 1995ರಲ್ಲಿ ಬಂದದ್ದಂತೆ. 14 ವರ್ಷದವನು. ಎಷ್ಟೋ ವರ್ಷದಿಂದ ಮುಖ ತೋರಿಸದ ಅಪ್ಪ ಕರೆಸಿಕೊಂಡು, ಆ ದೈತ್ಯ ಯಂತ್ರ ಹತ್ತಿ ಯುದ್ಧ ಮಾಡು ಅನ್ನುತ್ತಾನೆ. ಹುಡುಗ ಆಗಲ್ಲ ಅನ್ನುತ್ತಾನೆ. ಅದಕ್ಕೆ "ರೋಬೋ ಹತ್ತೋ ಶಿಂಜಿ" ಅಂತ ಪ್ರಪಂಚವೆಲ್ಲ ತಮಾಷೆ ಮಾಡುತ್ತದಂತೆ. ನೀನೂ ತಮ್ಮನಿಗೆ ಸ್ನಾನಕ್ಕೆ ಹೋಗು ಅನ್ನಲು ಇದೇ ಹೇಳುತ್ತಿದ್ದೆಯಂತೆ. ನಿಮ್ಮ ತಮಾಷೆ ಬೇಡ ಅನ್ನುತ್ತಿಲ್ಲ. ಗೆಳತಿಯರ ಜೊತೆ ನಗೋದು ಒಳ್ಳೆಯದೇ. ಆದರೆ ನನಗೆ ಆ ಹುಡುಗನನ್ನು ನೋಡಿ ನಗು ಬರಲಿಲ್ಲ.

ನನ್ನ ಹತ್ತಿರವೂ ಗುಟ್ಟಿಲ್ಲ ಪುಟ್ಟಾ. ಅಜ್ಜಿಯ ಔಷಧಿಗೆ ನಿಂತೆ, ದೇವರ ಫೋಟೋಗೆ ನಿಂತೆ ಅಂತ ಪರಿಹಾರ ಕೇಂದ್ರದಲ್ಲಿ ಯಾರೋ ಕೇಳಿದಾಗ ಹೇಳಿದ್ದೆ. ನೀನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ, ಏನೂ ಅನ್ನಲಿಲ್ಲ. ಅದು ಸುಳ್ಳು. ನನಗೆ ಹೆದರಿಕೆಯಾಯಿತು. ಅಷ್ಟೇ. ನೀನು ವಾಪಸ್ ಬರಬೇಕಾಯಿತು. 11 ವರ್ಷದ ಹುಡುಗಿ ಅಮ್ಮನನ್ನು ಎಳೆದುಕೊಂಡು ಹೋಗಬಾರದಿತ್ತು. ಇದನ್ನು ಏಳು ವರ್ಷದಲ್ಲಿ ಒಂದು ಸಲವೂ ನಿನಗೆ ಹೇಳಲಿಲ್ಲ. ತಪ್ಪಾಯಿತು.

ಇನ್ನು ಕೆಲವು ವಿಷಯ ಹೇಳದೆ ಇರಲು ಆಗುತ್ತಿಲ್ಲ. ರಾತ್ರಿ ಎರಡು ಗಂಟೆವರೆಗೆ ಯಾರೋ ಗೊತ್ತಿಲ್ಲದವರ ಜೊತೆ ಇಟಾಚಿ ವಿಷಯಕ್ಕೆ ಜಗಳ ಮಾಡುತ್ತೀಯ ಅಂತ ತಮ್ಮ ಹೇಳಿದ. ಅವನಿಗೆ ಬೈಬೇಡ, ನಾನೇ ಕೇಳಿ ಕೇಳಿ ಹೇಳಿಸಿದ್ದು. ವಾದ ಮಾಡು, ಆದರೆ ಮಲಗು. ಹಾಸ್ಟೆಲ್ ಎಲ್ಲಿ ಅಂತ ಯಾರಿಗೂ ಹೇಳಬೇಡ. ಬೆಳಿಗ್ಗೆ ತಿಂಡಿ ಬಿಟ್ಟು ಆ ದುಡ್ಡಲ್ಲಿ ವಿಗ್ ತೆಗೆದುಕೊಂಡೆಯಂತೆ, ಕೇಳಿದ್ದರೆ ಕೊಡುತ್ತಿದ್ದೆ. ತುಂಬಾ ಮುಖ್ಯ, ಇಟಾಚಿ ಕಣ್ಣಿನ ಹಾಗೆ ಕಾಣಲಿ ಅಂತ ಆ ಕೆಂಪು ಲೆನ್ಸ್ ಹಾಕಬೇಡ. ಹಾಕಲೇಬೇಕು ಅಂದರೆ ಕಣ್ಣಿನ ಡಾಕ್ಟರಿಗೆ ತೋರಿಸಿಯೇ ಹಾಕು. ಗೆಳತಿಯದ್ದನ್ನು ನೀನು, ನಿನ್ನದನ್ನು ಗೆಳತಿ ಹಾಕಿಕೊಳ್ಳುವುದಂತೂ ಬೇಡವೇ ಬೇಡ. ಇನ್‌ಫೆಕ್ಷನ್ ಆದರೆ ದೃಷ್ಟಿಗೇ ತೊಂದರೆ. ಇಟಾಚಿಗೇ ಆ ಕಣ್ಣು ಬಳಸಿ ಬಳಸಿ ದೃಷ್ಟಿ ಮಂಜಾಗಿತ್ತು, ಇದು ನನಗಿಂತ ನಿನಗೆ ಚೆನ್ನಾಗಿ ಗೊತ್ತು.

ಹುತ್ತರಿಗೆ ನೀನಿಲ್ಲ ಅಂದರೆ ಕದಿರು ತೆಗೆಯುವಾಗ "ಪೊಲಿ ಪೊಲಿ ದೇವಾ" ಅಂತ ಜೋರಾಗಿ ಕೂಗುವವರು ಯಾರು ಅಂತ ಅಪ್ಪ ಕೇಳಿದರು. ತಮ್ಮ ಕೂಗುತ್ತಾನೆ ಬಿಡಿ ಅಂದೆ. ನನಗೆ ಬೇಜಾರಿದೆ, ಇಲ್ಲ ಅಂತ ಹೇಳುವುದಿಲ್ಲ. ಆದರೂ ಹೋಗು. ಹುತ್ತರಿ ಗೆಣಸು ಒಂದೆರಡು ಎತ್ತಿಟ್ಟಿರುತ್ತೇನೆ.

ಇದರ ಜೊತೆ ಪಾರ್ಸಲ್ ಇದೆ. ಇಟಾಚಿಯ ಗುಂಪಿನವರು ತೊಡುವ ಅಕಾಟ್ಸುಕಿ ನಿಲುವಂಗಿಗೆ ದರ್ಜಿ ತುಂಬಾ ಕೇಳಿದರು ಅಂತ ಅಪ್ಪನ ಹತ್ತಿರ ಅಂದಿದ್ದೆಯಲ್ಲ, ನಾನೇ ಹೊಲಿದಿದ್ದೇನೆ. ಕಪ್ಪು ಬಟ್ಟೆ ಕುಶಾಲನಗರದಿಂದ ತಂದೆ. ಫೋನ್ ನಿಲ್ಲಿಸಿ ಮೋಡಗಳನ್ನು ಕಾಗದಕ್ಕೆ ಇಳಿಸಿಕೊಂಡು ಕತ್ತರಿಸಿದೆ. ಕೆಂಪಿನ ಸುತ್ತ ಬಿಳಿ ಅಂಚು ಕೈಯಲ್ಲೇ ಹೊಲಿದದ್ದು, ಮಿಷನ್‌ನಲ್ಲಿ ಸುಕ್ಕಾಗುತ್ತಿತ್ತು. ಒಳಗೆ ಕೆಂಪು ಲೈನಿಂಗ್ ಕೊಟ್ಟಿದ್ದೇನೆ. ಕಾಲರ್ ಬಾಯಿವರೆಗೆ ನೆಟ್ಟಗೆ ನಿಲ್ಲಬೇಕಲ್ವಾ, ಎರಡು ಪದರ ಕ್ಯಾನ್ವಾಸ್ ಹಾಕಿದೆ. ನಿನ್ನ ಅಳತೆ ಜುಲೈನದ್ದು. ತಿಂಡಿ ಬಿಟ್ಟು ಸಣ್ಣಗಾಗಿದ್ದರೆ ಪಕ್ಕದ ಹೊಲಿಗೆ ಒಂದಿಂಚು ಒಳಗೆ ಹಿಡಿಸಿಕೊ. ಉದ್ದ ಕಡಿಮೆ ಅನ್ನಿಸಿದರೆ ಕೆಳಗೆ ಎರಡಿಂಚು ಮಡಚಿದ್ದೇನೆ, ಬಿಚ್ಚಬಹುದು. ಬಣ್ಣ ಬಿಡುತ್ತದೆ, ಬೇರೆ ಬಟ್ಟೆ ಜೊತೆ ನೆನೆಸಬೇಡ.

ಸಕುರಾ ಮತ್ತು ಚಿಯೋ ಅಜ್ಜಿ ಇಬ್ಬರೂ ಸೇರಿ ಅದೇ ಅಕಾಟ್ಸುಕಿ ಗುಂಪಿನ ಸಸೋರಿಯನ್ನು ಎದುರಿಸುವ ಎಪಿಸೋಡ್‌ಗಳನ್ನು ಇನ್ನೊಂದು ಸಲ ನೋಡು. ವಿಷದ ಕತ್ತಿ ಅಜ್ಜಿಗೆ ತಾಗದ ಹಾಗೆ ಅವಳು ಅಡ್ಡ ಬರುತ್ತಾಳಲ್ಲ, ಅಲ್ಲಿವರೆಗೆ ನೋಡಿ ನನಗೆ ಫೋನ್ ಮಾಡು. ಅಪ್ಪನಿಗಲ್ಲ, ನನಗೆ. ಏಳು ಗಂಟೆ ಮೇಲೆ ಮಾಡು, ಅಷ್ಟು ಹೊತ್ತಿಗೆ ತೋಟದಿಂದ ಬಂದಿರುತ್ತೇನೆ.

ಅಮ್ಮ