'ಉಗಿ'ಯನ್ನು ಅಳಿಸಬೇಡಿ

ಮಾನ್ಯ ಸಂಪಾದಕರೇ,

ಐದನೇ ತರಗತಿಯ ನನ್ನ ಮೊಮ್ಮಗಳು ಪ್ರಬಂಧದಲ್ಲಿ 'ಅಜ್ಜಿ ನನಗೆ ಚೆನ್ನಾಗಿ ಉಗಿದರು' ಎಂದು ಬರೆದಿದ್ದಳು. ಶಾಲೆಯಲ್ಲಿ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು 'ಬುದ್ಧಿ ಹೇಳಿದರು' ಎಂದು ತಿದ್ದಿದ್ದಾರೆ. 30 ವರ್ಷ ಕನ್ನಡ ಕಲಿಸಿದ ನನಗೆ ನೋವಾಯಿತು. ನಾನು ಬುದ್ಧಿ ಹೇಳಿರಲಿಲ್ಲ, ಉಗಿದಿದ್ದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ತಡೆಗೋಡೆಯಿಲ್ಲದ ಏರಿ ಮೇಲೆ ಒಬ್ಬಳೇ ಸೈಕಲ್ ಹೊಡೆದಿದ್ದಳು!

ಗದರುವುದು ಒಂದೇ ಮಾತಿಗೆ ಮುಗಿಯುತ್ತದೆ. ಬೈದರೆ ಬೈಗುಳವೂ ಬಂದೀತು. ಉಗಿಯುವುದಕ್ಕೆ ಕೆಟ್ಟ ಪದವೇ ಬೇಕಿಲ್ಲ. ಮಾಡಿದ ತಪ್ಪನ್ನು ಒಂದೊಂದಾಗಿ ಎತ್ತಿ ಮುಖಕ್ಕೆ ಹೇಳುವುದು ಅದು. ಬಾಯಿಂದ ಎಂಜಲು ಉಗಿಯುವ ರಭಸವೇ ಮಾತಿಗೂ ಬಂದಿದೆ. ಮಿತಿಮೀರಿದರೆ ನಮ್ಮ ಮಂಡ್ಯದ ಕಡೆ 'ಉಗಿದು ಉಪ್ಪಾಕಿದರು' ಅನ್ನುತ್ತೇವೆ. ಅನುಭವಿಸಿದವರು 'ಉಗಿಸಿಕೊಂಡೆ' ಅನ್ನುತ್ತಾರೆ. ತಪ್ಪು ನನ್ನದೇ ಎಂಬ ಒಪ್ಪಿಗೆ ಆ ಪದದೊಳಗೇ ಇದೆ ಎಂದು ನನಗೆ ಅನ್ನಿಸುತ್ತದೆ. ಕಬ್ಬಿನ ಗದ್ದೆಗೆ ಎಮ್ಮೆ ನುಗ್ಗಿಸಿ ಅವ್ವನಿಂದ ಉಗಿಸಿಕೊಂಡ ದಿನ ನನಗೆ ಇನ್ನೂ ನೆನಪಿದೆ.

ಹಿರಿಯರ ಎದುರು, ಸಭೆಯಲ್ಲಿ ಈ ಮಾತು ಆಡಬಾರದು, ನಿಜ. ಅದು ಮಕ್ಕಳಿಗೂ ಗೊತ್ತು. ಆದರೆ ಮನೆಯಲ್ಲಿ ನಡೆದದ್ದನ್ನು ಮನೆಮಾತಿನಲ್ಲೇ ಬರೆದರೆ ತಪ್ಪೇನು? ಸೋಮವಾರ ಶಾಲೆಗೆ ಹೋಗಿ ಇದನ್ನೇ ಕೇಳಲಿದ್ದೇನೆ.

– ನಿವೃತ್ತ ಕನ್ನಡ ಶಿಕ್ಷಕಿ, ಮಂಡ್ಯ