ಗಾಡಿ ಎಲ್ಲೂ ಹೋಗುವುದಿಲ್ಲ, ಮೊದಲು ಕಾಲು ನೋಡಿಕೋ

ಮೈಸೂರು

ಚಿರಂಜೀವಿ ಪುಟ್ಟನಿಗೆ ನಿನ್ನ ಮಾವನ ಆಶೀರ್ವಾದಗಳು.

ನಿನ್ನಮ್ಮ ನಿನ್ನೆ ರಾತ್ರಿ ಫೋನ್ ಮಾಡಿದ್ದಳು. ಜುಲೈ ಎರಡನೇ ಭಾನುವಾರ ಜಾವಾ, ಯೆಜ್ಡಿ ಬೈಕಿನವರೆಲ್ಲ ಸೇರುವ ಜಾವಾ ದಿನಕ್ಕೆ ನಿನ್ನ ಯೆಜ್ಡಿ ಬೈಕ್ ತಗೊಂಡು ಹೋಗಿಯೇ ಹೋಗುತ್ತೇನೆ ಎಂದು ಹಟ ಹಿಡಿದಿದ್ದೀಯಂತೆ. ಎಡಗಾಲಿನ ಮೂಳೆಗೆ ರಾಡ್ ಹಾಕಿದ್ದಾರೆ, ಪೂರ್ತಿ ಭಾರ ಬಿಡಬೇಡ ಅಂತ ಡಾಕ್ಟರು ಹೇಳಿದ್ದಾರೆ. ಅವಳಿಗೆ ಹೆದರಿಕೆ ಆಗದೆ ಇರುತ್ತದಾ?

ಬೈಯೋಕೆ ಬರೆಯುತ್ತಿಲ್ಲ ಪುಟ್ಟ. ಯೆಜ್ಡಿ ತಯಾರಾಗುತ್ತಿದ್ದ, ಇಲ್ಲಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ದುಡಿದವನು ನಾನು. 1961ರಲ್ಲಿ ಅಲ್ಲಿಂದ ಗಾಡಿ ಹೊರಬರೋಕೆ ಶುರುವಾಯಿತು, 1996ರಲ್ಲಿ ಬಾಗಿಲು ಮುಚ್ಚಿತು. ಇವತ್ತಿಗೂ ಆ ಜೋಡಿ ಸೈಲೆನ್ಸರ್ ಸದ್ದು ಬೀದಿಯಲ್ಲಿ ಕೇಳಿದರೆ ನಾನು ಕೈಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತೇನೆ. ಹಾಗಿರುವಾಗ ನೀನು ಮಂಚದ ಮೇಲೆ ಮಲಗಿ ಮಳೆಗಾಲದ ಚಾರ್ಮಾಡಿ ಘಾಟಿಯನ್ನೂ ಕೊಟ್ಟಿಗೆಹಾರದ ನೀರುದೋಸೆಯನ್ನೂ ನೆನೆಸಿಕೊಂಡು ಒದ್ದಾಡುವುದು ನನಗೆ ಗೊತ್ತಾಗುತ್ತದೆ. ಆ ಆಸೆ ಕಮ್ಮಿ ಮಾಡಿಕೋ ಅಂತ ನಾನು ಹೇಳುವುದಿಲ್ಲ. ಆಸೆ ಇರಲಿ. ಆದರೆ ಅದರ ಮಾತು ಕೇಳಿ ಕಾಲನ್ನು ಕೆಡಿಸಿಕೊಳ್ಳಬೇಡ.

ನಿನ್ನ ಗಾಡಿ ಎಂಥದು ಅಂತ ಒಂದು ಸಲ ಯೋಚನೆ ಮಾಡು. ಬೇರೆ ಗಾಡಿಗಳಲ್ಲಿ ಕಿಕ್ ಬಲಗಡೆ. ಯೆಜ್ಡಿಯಲ್ಲಿ ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್. ಎರಡೂ ಎಡಗಡೆಯೇ. ಇಂಜಿನ್ನಿನ ಕಿಡಿಯ ಟೈಮಿಂಗ್ ಸ್ವಲ್ಪ ಆಚೀಚೆ ಇದ್ದು ಕಿಕ್ ತಿರುಗಿ ಹೊಡೆದರೆ ಗಟ್ಟಿ ಕಾಲೇ ಜುಮ್ ಅನ್ನುತ್ತದೆ, ಇನ್ನು ಕೂಡದ ಮೂಳೆಯ ಗತಿ ಏನು? ಗೆಳೆಯ ಕಿಕ್ ಹೊಡೆದು ಕೊಡುತ್ತಾನೆ ಅಂದೆಯಂತೆ. ಸರಿ, ಸಿಗ್ನಲ್ಲಿನಲ್ಲಿ ಆಫ್ ಆದರೆ? ಬಲಗಾಲು ಬ್ರೇಕಿನ ಮೇಲಿರುತ್ತದೆ. ನೆಲಕ್ಕೆ ಊರುವುದು ಎಡಗಾಲೇ. 130 ಕೆಜಿಗೂ ಜಾಸ್ತಿ ತೂಕದ ಗಾಡಿ ಒಂದು ಗೇಣು ವಾಲಿದರೆ ಸಾಕು, ಅಷ್ಟೂ ಭಾರ ಆ ರಾಡಿನ ಮೇಲೆ. ಗೇರಿಲ್ಲದ ಸ್ಕೂಟರಾದರೂ ಕಾಲು ಊರಲೇಬೇಕು, ಆ ಉಪಾಯವೂ ಬೇಡ.

ಮೊಣಕಾಲಿನ ಕೆಳಗಿನ ಆ ದೊಡ್ಡ ಮೂಳೆ ಕೂಡೋಕೆ ಸಾಮಾನ್ಯವಾಗಿ 4ರಿಂದ 6 ತಿಂಗಳು ಹಿಡಿಯುತ್ತದೆ. ನೋವು ಹೋದ ಮಾತ್ರಕ್ಕೆ ಕೂಡಿದೆ ಎಂದಲ್ಲ, ಅದನ್ನು ಎಕ್ಸ್‌ರೇ ನೋಡಿ ಡಾಕ್ಟರೇ ಹೇಳಬೇಕು. ಪಾದ ಮೇಲೆ ಕೆಳಗೆ ಆಡಿಸುವುದು, ತೊಡೆ ಬಿಗಿ ಹಿಡಿಯುವುದು, ಅವರು ಹೇಳಿಕೊಟ್ಟಿದ್ದನ್ನು ಬೇಜಾರಾದರೂ ದಿನಾ ಮಾಡು. ಮೀನಖಂಡ ಸೊರಗಿದರೆ ಮೂಳೆ ಕೂಡಿದ ಮೇಲೂ ಗಾಡಿ ಹಿಡಿತಕ್ಕೆ ಬರುವುದಿಲ್ಲ. ಸಿಗರೇಟು ಸೇದಿದರೆ ಮೂಳೆ ಕೂಡುವುದು ತಡವಾಗುತ್ತದೆ. ಅಮ್ಮನ ಕಣ್ಣು ತಪ್ಪಿಸಿ ಸೇದುವುದನ್ನು ಬಿಟ್ಟುಬಿಡು.

ಅಲ್ಲಿಯವರೆಗೆ ಕೈಗೆ ಕೆಲಸ ಕೊಡು. ಟು-ಸ್ಟ್ರೋಕ್ ಗಾಡಿ ಸುಮ್ನೆ ನಿಂತರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಆರಿ ಅದರಲ್ಲಿ ಬೆರೆಸಿದ ಆಯಿಲ್ ಅಂಟಾಗಿ ಉಳಿಯುತ್ತದೆ. ತಮ್ಮನಿಗೆ ಹೇಳಿ ಪೆಟ್ರೋಲ್ ಕಾಕ್ ಮುಚ್ಚಿಸು, ಕಾರ್ಬುರೇಟರ್ ಬಿಚ್ಚಿಸಿ ತರಿಸಿಕೋ. ಪೇಪರ್ ಹಾಸಿ ಕೂತು ನೀನೇ ಬಿಚ್ಚು. ಬಾಗಿಲು ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟನ್ನು ಪೆಟ್ರೋಲಿನಲ್ಲಿ ನೆನೆಸಿ ಪಂಪಿನಿಂದ ಗಾಳಿ ಬಿಡು, ಬೆಳಕಿಗೆ ಹಿಡಿದರೆ ತೂತು ದುಂಡಗೆ, ಚೊಕ್ಕವಾಗಿ ಕಾಣಬೇಕು. ತಂತಿ ತೂರಿಸಬೇಡ, ತೂತು ದೊಡ್ಡದಾದರೆ ಜೆಟ್ ಹಾಳು. ಫ್ಯಾಕ್ಟರಿಯಲ್ಲಿ ಹೊಸ ಹುಡುಗರಿಗೆ ನಾವು ಪದೇ ಪದೇ ಹೇಳುತ್ತಿದ್ದ ಮಾತು ಇದು. ಆಮೇಲೆ ಸೈಲೆನ್ಸರಿನ ಒಳಕೊಳವೆ ಎಳೆಸಿ ಮಸಿ ಕೆರೆದಿಡು. ಮುಂದೆ ಏರು ಹತ್ತುವಾಗ ವ್ಯತ್ಯಾಸ ನಿನಗೇ ತಿಳಿಯುತ್ತದೆ.

ಜಾವಾ ದಿನಕ್ಕೆ ಹೋಗಬೇಡ ಅಂತ ಹೇಳುತ್ತಿಲ್ಲ. ಡಾಕ್ಟರು ಒಪ್ಪಿದರೆ ಕಾರಿನಲ್ಲಿ ಹೋಗು. ಕುರ್ಚಿ ಹಾಕಿಸಿಕೊಂಡು ಕೂತು ಹಳೇ ಗಾಡಿಯವರ ಹತ್ತಿರ ಮಾತಾಡು. ಅಮ್ಮನಿಗೆ ಮಾತ್ರ ಇವತ್ತೇ ಹೇಳು, ಗಾಡಿ ಮುಟ್ಟುವುದಿಲ್ಲ ಅಂತ. ಅವಳು ಸರಿಯಾಗಿ ನಿದ್ದೆ ಮಾಡಿ ಎಷ್ಟೋ ದಿನವಾಯಿತು.

ನಿನ್ನ ಗಾಡಿಯ ಕಿಡಿಗೆ ಬೇಕಾದ ಕಾಂಟ್ಯಾಕ್ಟ್ ಪಾಯಿಂಟ್ ಒಂದು ಸೆಟ್ ನನ್ನ ಹತ್ತಿರ ಇದೆ, ಸೋಮವಾರ ಕೊರಿಯರ್ ಮಾಡುತ್ತೇನೆ. ಎಕ್ಸ್‌ರೇ ತೆಗೆಸಿದ ದಿನ ಡಾಕ್ಟರು ಏನಂದರು ಅಂತ ತಪ್ಪದೆ ಫೋನ್ ಮಾಡು.

ಇಂತಿ ನಿನ್ನ ಪ್ರೀತಿಯ
ಮಾವ